ಪಿಕಪ್ಪಿನ ಬೆನ್ನು ಬಗ್ಗಿದಾಗ

ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಟೊಮೆಟೊ ತರುವ ಪಿಕಪ್ ವಾಹನಗಳನ್ನು ಗಮನಿಸಿದವರಿಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿರಬಹುದು. ಕ್ರೇಟುಗಳನ್ನು ಎತ್ತರಕ್ಕೆ ಪೇರಿಸಿಕೊಂಡು ಬರುವ ವಾಹನ ತನ್ನ ಹಿಂಭಾಗವನ್ನು ತಗ್ಗಿಸಿಕೊಂಡು, ಗುಂಡಿ ಬಂದರೂ ತೊಟ್ಟಿಲಿನಂತೆ ತೂಗುತ್ತ ಸಾಗುತ್ತದೆ. ಅದೇ ವಾಹನ ಸರಕು ಇಳಿಸಿ ಊರಿಗೆ ಮರಳುವಾಗ ಸಣ್ಣ ಉಬ್ಬಿಗೂ ಕುದುರೆಯಂತೆ ಎಗರುತ್ತದೆ. ಖಾಲಿ ಕ್ರೇಟುಗಳು ಗಡಗಡ ಸದ್ದು ಮಾಡುತ್ತವೆ. ಊರು ಮುಟ್ಟುವ ಹೊತ್ತಿಗೆ ಚಾಲಕನ ಸೊಂಟ ಹಿಡಿದುಕೊಂಡಿರುತ್ತದೆ. ‘ಲೋಡ್ ಇದ್ದರೆ ಗಾಡಿ ಕೂತುಕೊಂಡು ಓಡುತ್ತೆ, ಖಾಲಿ ಗಾಡಿಯೇ ಕಷ್ಟ’ ಎನ್ನುವುದು ಚಾಲಕರ ಅನುಭವದ ಮಾತು.

ಭಾರ ಹೆಚ್ಚಿದರೆ ಕಷ್ಟವೂ ಹೆಚ್ಚಬೇಕು ತಾನೆ? ಇಲ್ಲಿ ಮಾತ್ರ ಏಕೆ ತಿರುವುಮುರುವು?

ಪಿಕಪ್ ಇಟ್ಟುಕೊಂಡವರ ದೂರುಗಳು ಎರಡೇ. ಖಾಲಿ ಇದ್ದಾಗ ಎತ್ತಿಹಾಕುತ್ತದೆ. ತುಂಬಿದಾಗ ಹಿಂಭಾಗ ಕುಸಿಯುತ್ತದೆ. ಎರಡನೆಯ ದೂರು ಹೊತ್ತು ಗ್ಯಾರೇಜಿಗೆ ಹೋದವರಿಗೆ ನಮ್ಮ ಊರುಗಳಲ್ಲಿ ಸಿಗುವ ಸಲಹೆ: ‘ಒಂದು ಬ್ಲೇಡ್ ಜಾಸ್ತಿ ಹಾಕಿಸಿ.’ ಇದೇ ದೂರಿಗೆ ಅಮೆರಿಕದಲ್ಲಿ ಸಿಗುವ ಸಲಹೆ: ‘ಗಾಳಿಚೀಲ ಹಾಕಿಸಿ.’ ಎರಡೂ ಸಲಹೆಗಳಲ್ಲಿ ಹುರುಳಿದೆ. ಎರಡರಲ್ಲೂ ಒಂದು ಅಪಾಯ ಅಡಗಿದೆ. ಇವನ್ನು ಬೇರ್ಪಡಿಸಿ ನೋಡಲು ದೊಡ್ಡ ಎಂಜಿನಿಯರಿಂಗ್ ಬೇಕಿಲ್ಲ, ಹೈಸ್ಕೂಲಿನ ಭೌತವಿಜ್ಞಾನ ಸಾಕು.

ಹುಕ್ ಕಂಡ ನಿಯಮ

ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ಸ್ಪ್ರಿಂಗುಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಸ್ಪ್ರಿಂಗಿನ ಮೇಲೆ ಎಷ್ಟು ಬಲ ಹಾಕುತ್ತೇವೋ ಅದಕ್ಕೆ ತಕ್ಕಷ್ಟು ಅದು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ ಎಂಬುದು ಅವನು ಕಂಡ ನಿಯಮ. ಬಲ ಎರಡರಷ್ಟಾದರೆ ಹಿಗ್ಗುವಿಕೆಯೂ ಎರಡರಷ್ಟು. ಪ್ರಯೋಗಶಾಲೆಯಲ್ಲಿ ಸ್ಪ್ರಿಂಗಿಗೆ ತೂಕದ ಕಲ್ಲು ನೇತುಹಾಕಿ ಅಳತೆಪಟ್ಟಿ ಹಿಡಿದ ಪ್ರತಿ ವಿದ್ಯಾರ್ಥಿಗೂ ಇದು ಗೊತ್ತು.

ಇದನ್ನು ಪಿಕಪ್ಪಿಗೆ ಅನ್ವಯಿಸೋಣ. ಲೆಕ್ಕ ಸುಲಭವಾಗಲೆಂದು ಒಂದು ಕಾಲ್ಪನಿಕ ವಾಹನವನ್ನು ತೆಗೆದುಕೊಳ್ಳಬಹುದು. ಅದರ ಹಿಂದಿನ ಎರಡೂ ಸ್ಪ್ರಿಂಗುಗಳನ್ನು ಸೇರಿಸಿ 1 ಸೆಂಟಿಮೀಟರ್ ತಗ್ಗಿಸಲು 100 ಕಿಲೋಗ್ರಾಂ ಭಾರ ಬೇಕು ಎಂದಿಟ್ಟುಕೊಳ್ಳಿ. ಖಾಲಿ ಇದ್ದಾಗ ಆ ಸ್ಪ್ರಿಂಗುಗಳು ಹೊತ್ತಿರುವುದು 500 ಕಿಲೋಗ್ರಾಂ. ಆಗ ಅವು 5 ಸೆಂಟಿಮೀಟರ್ ತಗ್ಗಿರುತ್ತವೆ. ಹಿಂದಿನ ಗಾಲಿಗಳ ಮೇಲೆ 1000 ಕಿಲೋಗ್ರಾಂ ಸರಕು ಬಿದ್ದರೆ ಒಟ್ಟು 1500 ಕಿಲೋಗ್ರಾಂ. ತಗ್ಗು 15 ಸೆಂಟಿಮೀಟರ್. ಅಂದರೆ ಹಿಂಭಾಗ ಮೊದಲಿಗಿಂತ 10 ಸೆಂಟಿಮೀಟರ್ ಕೆಳಗಿಳಿಯಿತು.

ಈಗ ರಸ್ತೆಯಲ್ಲಿ 2 ಸೆಂಟಿಮೀಟರ್ ಎತ್ತರದ ಉಬ್ಬು ಬಂತು. ಗಾಲಿಗಳು ಮೇಲೇರಿ ಸ್ಪ್ರಿಂಗುಗಳನ್ನು ಇನ್ನೂ 2 ಸೆಂಟಿಮೀಟರ್ ಒತ್ತಿದವು. ಸ್ಪ್ರಿಂಗುಗಳು ಮೇಲಿನ ಭಾಗವನ್ನು 200 ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳಿದವು. ನ್ಯೂಟನ್ನನ ಎರಡನೆಯ ನಿಯಮದ ಪ್ರಕಾರ ವೇಗೋತ್ಕರ್ಷ ಎಂದರೆ ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದ್ದು. ಖಾಲಿ ವಾಹನದಲ್ಲಿ ಅದು 200ನ್ನು 500ರಿಂದ ಭಾಗಿಸಿದಷ್ಟು, ಅಂದರೆ ಗುರುತ್ವ ವೇಗೋತ್ಕರ್ಷದ 0.4 ಪಾಲು. ತುಂಬಿದ ವಾಹನದಲ್ಲಿ 200ನ್ನು 1500ರಿಂದ ಭಾಗಿಸಿದಷ್ಟು, ಸುಮಾರು 0.13 ಪಾಲು ಮಾತ್ರ. ರಸ್ತೆ ಅದೇ, ಸ್ಪ್ರಿಂಗು ಅದೇ, ಬಲವೂ ಅದೇ. ಖಾಲಿ ವಾಹನಕ್ಕೆ ಬಿದ್ದ ಏಟು ಮೂರು ಪಟ್ಟು. ಚಾಲಕರ ಅನುಭವದ ಮಾತಿಗೆ ನ್ಯೂಟನ್ನನ ಸಾಕ್ಷಿ ಸಿಕ್ಕಿತು.

ಲೋಲಕದ ನೆಂಟಸ್ತಿಕೆ

ಸ್ಪ್ರಿಂಗಿನ ಮೇಲೆ ಕುಳಿತ ಭಾರ ಒಮ್ಮೆ ಅಲುಗಿದರೆ ಮೇಲೆ ಕೆಳಗೆ ಆಂದೋಲನ ಮಾಡುತ್ತದೆ. ಸೆಕೆಂಡಿಗೆ ಎಷ್ಟು ಸಲ ಎಂಬುದನ್ನು ಲೆಕ್ಕ ಹಾಕಲು ಒಂದು ಸರಳ ಸೂತ್ರವಿದೆ. ಭಾರದಿಂದ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ತಗ್ಗಿದೆಯೋ ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿದರೆ ಆಯಿತು. ಸ್ಪ್ರಿಂಗು 25 ಸೆಂಟಿಮೀಟರ್ ತಗ್ಗಿದ್ದರೆ ಸೆಕೆಂಡಿಗೆ ಒಂದು ಆಂದೋಲನ. ಸೊಗಸೆಂದರೆ, 25 ಸೆಂಟಿಮೀಟರ್ ಉದ್ದದ ಸರಳ ಲೋಲಕವೂ ಹೆಚ್ಚುಕಡಿಮೆ ಸೆಕೆಂಡಿಗೆ ಒಂದೇ ಆಂದೋಲನ ಮಾಡುತ್ತದೆ. ಸ್ಪ್ರಿಂಗಿನ ತಗ್ಗು ಮತ್ತು ಲೋಲಕದ ಉದ್ದ ಎರಡೂ ಒಂದೇ ಸೂತ್ರದ ಮಕ್ಕಳು.

ಮೇಲಿನ ವಾಹನ ಖಾಲಿ ಇದ್ದಾಗ ತಗ್ಗು 5 ಸೆಂಟಿಮೀಟರ್. ಆದ್ದರಿಂದ ಸೆಕೆಂಡಿಗೆ ಸುಮಾರು 2.2 ಆಂದೋಲನ. ತುಂಬಿದಾಗ ತಗ್ಗು 15 ಸೆಂಟಿಮೀಟರ್, ಸೆಕೆಂಡಿಗೆ 1.3. ಪ್ರಯಾಣಿಕರ ಕಾರುಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 1ರಿಂದ 1.5 ಆಂದೋಲನ ಬರುವಂತೆ ರಚಿಸುತ್ತಾರೆ. ಮನುಷ್ಯನ ದೇಹಕ್ಕೆ ಹಿತವೆನಿಸುವುದು ಅಂಥ ನಿಧಾನದ ತೂಗಾಟ. ಸೆಕೆಂಡಿಗೆ 4ರಿಂದ 8ರವರೆಗಿನ ಮೇಲೆ ಕೆಳಗಿನ ಕಂಪನ ದೇಹವನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಸ್ಪ್ರಿಂಗು ಬಿರುಸಾದಷ್ಟೂ ವಾಹನ ಆ ಕಡೆಗೆ ಸರಿಯುತ್ತದೆ.

ಇಲ್ಲಿಗೆ ಪಿಕಪ್ಪಿನ ಮೂಲ ಸಂಕಟ ಸ್ಪಷ್ಟವಾಗುತ್ತದೆ. ಕಾರಿನ ಹಿಂಭಾಗ ಹೊರುವ ಭಾರದಲ್ಲಿ ಹೆಚ್ಚು ಏರುಪೇರಿಲ್ಲ. ಪಿಕಪ್ಪಿನ ಹಿಂಭಾಗವೋ ಬೆಳಿಗ್ಗೆ 500 ಕಿಲೋಗ್ರಾಂ ಹೊತ್ತರೆ ಸಂಜೆ 1500 ಹೊರಬೇಕು. ಒಂದೇ ಸ್ಪ್ರಿಂಗು ಎರಡಕ್ಕೂ ಹೊಂದಿಕೊಳ್ಳುವುದು ಹೇಗೆ? ಮೆತ್ತಗಿದ್ದರೆ ತುಂಬಿದಾಗ ಕುಸಿಯುತ್ತದೆ. ಬಿರುಸಾಗಿದ್ದರೆ ಖಾಲಿ ಇದ್ದಾಗ ಎತ್ತಿಹಾಕುತ್ತದೆ. ಕಾರ್ಖಾನೆಯವರು ಕೊಡುವುದು ಇವೆರಡರ ನಡುವಿನ ಒಂದು ರಾಜಿ.

ಪಟ್ಟಿಯ ಮೇಲೆ ಪಟ್ಟಿ

ಲಾರಿ, ಬಸ್ಸು, ಪಿಕಪ್ಪುಗಳ ಹಿಂದೆ ಬಗ್ಗಿ ನೋಡಿದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಕಾಣುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ‘ಬ್ಲೇಡ್’ ಎನ್ನುತ್ತಾರೆ. ಉತ್ತರ ಕರ್ನಾಟಕದ ಕಡೆ ‘ಪಾಟಾ’ ಎಂಬ ಮಾತೂ ಇದೆ. ಹಳೆಯ ಮೈಸೂರಿನ ಜಟಕಾ ಗಾಡಿಗಳ ಕೆಳಗೂ ಇದರ ತಮ್ಮನಂಥ ಪಟ್ಟಿ ಸ್ಪ್ರಿಂಗುಗಳಿದ್ದವು.

ಒಂದೇ ದಪ್ಪ ಪಟ್ಟಿ ಹಾಕುವ ಬದಲು ಹಲವು ತೆಳು ಪಟ್ಟಿಗಳು ಏಕೆ? ಪಟ್ಟಿಯ ಬಿರುಸು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಮೂರರಷ್ಟಾದರೆ ಬಿರುಸು 27ರಷ್ಟು. ಅದೇ ಮೂರು ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟರೆ ಬಿರುಸು ಮೂರರಷ್ಟೇ. ತೆಳು ಪಟ್ಟಿಗಳು ಮುರಿಯದೆ ಹೆಚ್ಚು ಬಾಗುತ್ತವೆ. ಮಧ್ಯದಲ್ಲಿ ಹೆಚ್ಚು ಪಟ್ಟಿ, ತುದಿಗಳಲ್ಲಿ ಕಡಿಮೆ ಪಟ್ಟಿ ಇರುವಂತೆ ಜೋಡಿಸುವುದರಿಂದ ಶ್ರಮ ಎಲ್ಲ ಕಡೆ ಹಂಚಿಹೋಗುತ್ತದೆ.

ಪಟ್ಟಿಗಳು ಬಾಗುವಾಗ ಒಂದನ್ನೊಂದು ಉಜ್ಜುತ್ತವೆ. ಈ ಘರ್ಷಣೆ ಆಂದೋಲನವನ್ನು ಬೇಗ ಅಡಗಿಸುತ್ತದೆ, ಅದು ಲಾಭ. ಆದರೆ ತುಕ್ಕು ಹಿಡಿದು, ಮಣ್ಣು ಸೇರಿ ಘರ್ಷಣೆ ಹೆಚ್ಚಾದಾಗ ಸಣ್ಣ ಉಬ್ಬುಗಳಿಗೆ ಪಟ್ಟಿಗಳು ಬಾಗುವುದೇ ಇಲ್ಲ. ಏಟು ನೇರವಾಗಿ ಚಾಸಿಗೆ ತಲಪುತ್ತದೆ. ಎಷ್ಟೋ ಹಳೆಯ ವಾಹನಗಳ ಒರಟುತನಕ್ಕೆ ಕಾರಣ ಸ್ಪ್ರಿಂಗಿನ ಬಲವಲ್ಲ, ಈ ತುಕ್ಕು ಮತ್ತು ಸವೆದ ಬುಶ್ಶುಗಳು.

ತವರೂರಿನ ಕಥೆ

ಪಿಕಪ್ಪಿನ ತವರು ಅಮೆರಿಕ. ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ಕಾರಿನ ಹಿಂದೆ ಸರಕಿನ ತೊಟ್ಟಿ ಜೋಡಿಸಿ, ಕಾರ್ಖಾನೆಯಲ್ಲೇ ಸಿದ್ಧವಾದ ಪಿಕಪ್ಪನ್ನು 281 ಡಾಲರಿಗೆ ಮಾರಿತು. ಅದರ ಹಿಂದಿನ ಆಕ್ಸಲಿಗೆ ಇದ್ದದ್ದು ಅಡ್ಡಲಾಗಿ ಇಟ್ಟ ಒಂದೇ ಪಟ್ಟಿ ಸ್ಪ್ರಿಂಗು. ರೈತನಿಗೆ ವಾರದ ದಿನ ಹುಲ್ಲು, ಹಾಲಿನ ಕ್ಯಾನು ಸಾಗಿಸಲು, ಭಾನುವಾರ ಚರ್ಚಿಗೆ ಹೋಗಲು ಅದೇ ವಾಹನ. ಮುಂದೆ ಅಲ್ಲಿ ಪಿಕಪ್ಪು ಕುಟುಂಬದ ವಾಹನವಾಯಿತು. ರಜೆ ಬಂತೆಂದರೆ ಅದರ ಹಿಂದೆ ದೋಣಿಯನ್ನೋ, ಕುದುರೆಗಳ ಗಾಡಿಯನ್ನೋ, ಮಲಗಲು ಅಡುಗೆ ಮಾಡಲು ಅನುಕೂಲವಿರುವ ಮನೆಗಾಡಿಯನ್ನೋ ಎಳೆದುಕೊಂಡು ಹೊರಡುವುದು ಅಲ್ಲಿನ ವಾಡಿಕೆ.

ಹೀಗಾಗಿ ಹಿತವೂ ಬೇಕು, ಬಲವೂ ಬೇಕು ಎಂಬ ಬೇಡಿಕೆ ಅಲ್ಲಿ ಹಳೆಯದು. ಷೆವರ್ಲೆ ಕಂಪನಿ 1960ರಲ್ಲಿ ತನ್ನ ಹಗುರ ಪಿಕಪ್ಪುಗಳ ಹಿಂಭಾಗಕ್ಕೆ ಪಟ್ಟಿಯ ಬದಲು ಸುರುಳಿ ಸ್ಪ್ರಿಂಗು ಹಾಕಿತು. ಬಹುಕಾಲದ ನಂತರ 2009ರ ಮಾದರಿಯ ರ‍್ಯಾಮ್ 1500 ಪಿಕಪ್ಪಿಗೂ ಸುರುಳಿ ಬಂತು. ಸುರುಳಿಯಲ್ಲಿ ಪಟ್ಟಿಗಳ ಉಜ್ಜಾಟವಿಲ್ಲದ್ದರಿಂದ ಸವಾರಿ ನಯ. ಆದರೆ ಪಟ್ಟಿ ಸ್ಪ್ರಿಂಗು ಭಾರ ಹೊರುವುದರ ಜೊತೆಗೆ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವ ಕೆಲಸವನ್ನೂ ಮಾಡುತ್ತದೆ. ಸುರುಳಿ ಹಾಕಿದರೆ ಅದಕ್ಕೆ ಬೇರೆ ತೋಳುಗಳು ಬೇಕು. ಭಾರಿ ಸರಕಿನ ವಾಹನಗಳು ಪಟ್ಟಿಯನ್ನು ಬಿಡದಿರಲು ಈ ಸರಳತೆಯೂ ಒಂದು ಕಾರಣ.

ಸುಧಾರಣೆಗೆ ನಾಲ್ಕು ದಾರಿ

ಕೊಂಡ ಪಿಕಪ್ಪಿನ ಹಿಂಭಾಗವನ್ನು ಸುಧಾರಿಸಬೇಕೆಂದರೆ ಇರುವ ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಹೆಚ್ಚುವರಿ ಪಟ್ಟಿ. ಖರ್ಚು ಕಡಿಮೆ, ಯಾವ ಊರಿನಲ್ಲೂ ಆಗುವ ಕೆಲಸ. ಕಾಲ್ಪನಿಕ ವಾಹನಕ್ಕೆ ಒಂದು ಪಟ್ಟಿ ಸೇರಿಸಿ ಬಿರುಸನ್ನು 100ರಿಂದ 150ಕ್ಕೆ ಏರಿಸಿದೆವು ಎನ್ನೋಣ. ತುಂಬಿದಾಗಿನ ಕುಸಿತ 10 ಸೆಂಟಿಮೀಟರಿನಿಂದ 6.7ಕ್ಕೆ ಇಳಿಯಿತು, ಸಂತೋಷ. ಆದರೆ ಖಾಲಿ ಇದ್ದಾಗ ಆಂದೋಲನ ಸೆಕೆಂಡಿಗೆ 2.2ರಿಂದ 2.7ಕ್ಕೆ ಏರಿತು. 2 ಸೆಂಟಿಮೀಟರ್ ಉಬ್ಬಿನ ಏಟು 0.4ರಿಂದ 0.6ಕ್ಕೆ ಏರಿತು. ಬ್ಲೇಡ್ ಹಾಕಿಸಿ ಬಂದವರು ‘ಗಾಡಿ ಕಲ್ಲಾಯಿತು’ ಎಂದು ಗೊಣಗುವುದು ಇದಕ್ಕೇ. ಇದಕ್ಕೊಂದು ಜಾಣ ಪರಿಹಾರ ‘ಹೆಲ್ಪರ್’ ಪಟ್ಟಿ. ವಾಹನ ಖಾಲಿ ಇದ್ದಾಗ ಅದು ಸುಮ್ಮನಿರುತ್ತದೆ. ಭಾರ ಬಿದ್ದು ಹಿಂಭಾಗ ತಗ್ಗಿದ ಮೇಲೆಯೇ ಕೆಲಸಕ್ಕೆ ಇಳಿಯುತ್ತದೆ.

ಎರಡನೆಯದು, ಪ್ಯಾರಾಬೋಲಿಕ್ ಪಟ್ಟಿ. ಮಧ್ಯದಲ್ಲಿ ದಪ್ಪವಾಗಿದ್ದು ತುದಿಗಳ ಕಡೆ ಲೆಕ್ಕಬದ್ಧವಾಗಿ ತೆಳುವಾಗುವ ಪಟ್ಟಿಗಳಿವು. ಹತ್ತು ಪಟ್ಟಿಗಳ ಕೆಲಸವನ್ನು ಮೂರು ನಾಲ್ಕು ಪಟ್ಟಿಗಳು ಮಾಡಬಲ್ಲವು. ನಡುವೆ ಸಂದು ಇರುವುದರಿಂದ ಉಜ್ಜಾಟ ಕಡಿಮೆ, ತೂಕವೂ ಕಡಿಮೆ. ಸವಾರಿ ಹಿತವಾಗುತ್ತದೆ, ಬೆಲೆ ಮಾತ್ರ ಹೆಚ್ಚು.

ಮೂರನೆಯದು, ಗಾಳಿಚೀಲ. ಚಾಸಿ ಮತ್ತು ಆಕ್ಸಲುಗಳ ನಡುವೆ ಗಟ್ಟಿ ರಬ್ಬರಿನ ಚೀಲವೊಂದನ್ನು ಕೂಡಿಸಿ ಅದಕ್ಕೆ ಗಾಳಿ ತುಂಬುವುದು. ಬಾಯಿಲನ ನಿಯಮದಂತೆ ಒಳಗಿನ ಗಾಳಿ ಕುಗ್ಗಿದಷ್ಟೂ ಒತ್ತಡ ಏರಿ ಭಾರವನ್ನು ಹೊರುತ್ತದೆ. ಖಾಲಿ ಇದ್ದಾಗ ಗಾಳಿ ಕಡಿಮೆ ಮಾಡಿದರೆ ಸ್ಪ್ರಿಂಗು ಮೆತ್ತಗೆ. ತುಂಬಿದಾಗ ಗಾಳಿ ಹೆಚ್ಚಿಸಿದರೆ ಬಿರುಸು. ಒಂದೇ ಸ್ಪ್ರಿಂಗು ಎರಡೂ ಭಾರಕ್ಕೆ ಹೊಂದಿಕೊಳ್ಳುವ ಸೌಲಭ್ಯ ಇಲ್ಲಿ ಸಿಗುತ್ತದೆ. ಅಮೆರಿಕದ ಬಸ್ಸುಗಳಿಗೆ 1950ರ ದಶಕದಲ್ಲೇ ಗಾಳಿ ಸ್ಪ್ರಿಂಗುಗಳು ಬಂದಿದ್ದವು. 2001ರಲ್ಲಿ ವೋಲ್ವೊ ಬಸ್ಸು ಭಾರತಕ್ಕೆ ಬಂದಾಗ ಪ್ರಯಾಣಿಕರು ‘ನೀರಿನ ಮೇಲೆ ಹೋದ ಹಾಗಿದೆ’ ಎಂದು ಬೆರಗಾಗಲು ಈ ಗಾಳಿ ಸ್ಪ್ರಿಂಗುಗಳೂ ಕಾರಣ. ಪಿಕಪ್ಪಿಗೆ ಹಾಕುವಾಗ ಎಡ ಬಲ ಚೀಲಗಳಿಗೆ ಬೇರೆ ಬೇರೆ ಕೊಳವೆ ಇರುವುದು ಮೇಲು. ಒಂದೇ ಕೊಳವೆಯಾದರೆ ತಿರುವಿನಲ್ಲಿ ಒಂದು ಚೀಲದ ಗಾಳಿ ಇನ್ನೊಂದಕ್ಕೆ ಹರಿದು ವಾಹನ ಮತ್ತಷ್ಟು ವಾಲುತ್ತದೆ. ಖಾಲಿ ಓಡಿಸುವಾಗಲೂ ಸ್ವಲ್ಪ ಗಾಳಿ ಇರಲೇಬೇಕು. ಇಲ್ಲದಿದ್ದರೆ ಚೀಲ ಮಡಿಚಿಕೊಂಡು ಹರಿಯುತ್ತದೆ.

ನಾಲ್ಕನೆಯದು, ಶಾಕ್ ಅಬ್ಸಾರ್ಬರ್. ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಸಾಮಾನ್ಯ ಶಾಕ್ ಅಬ್ಸಾರ್ಬರ್ ಭಾರವನ್ನು ಹೊರುವುದಿಲ್ಲ. ಸಣ್ಣ ರಂಧ್ರಗಳ ಮೂಲಕ ಎಣ್ಣೆ ನುಗ್ಗುವಾಗ ಆಗುವ ತಡೆಯಿಂದ ಆಂದೋಲನದ ಶಕ್ತಿಯನ್ನು ಅದು ಶಾಖವಾಗಿ ಬದಲಿಸುತ್ತದೆ. ವಾಹನ ಒಂದು ಉಬ್ಬಿಗೆ ಮೂರು ನಾಲ್ಕು ಸಲ ಕುಣಿಯುತ್ತಿದ್ದರೆ ಇದನ್ನು ಬದಲಿಸಬೇಕು. ಹಿಂಭಾಗ ಕುಸಿದಿದ್ದರೆ ಇದನ್ನು ಬದಲಿಸಿ ಪ್ರಯೋಜನವಿಲ್ಲ.

ಕೊಂಡಿ ಹಾಕಿದ ಮೇಲೆ

ಸರಕು ಹೊರುವುದು ಒಂದು ಲೆಕ್ಕ, ಟ್ರೇಲರ್ ಎಳೆಯುವುದು ಇನ್ನೊಂದು ಲೆಕ್ಕ. ಕೆಂಪು ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತವರು ಉಳಿದವರಿಗಿಂತ ಹೆಚ್ಚು ಎತ್ತಿಹಾಕಿಸಿಕೊಳ್ಳುತ್ತಾರೆ. ಆ ಸೀಟು ಹಿಂದಿನ ಗಾಲಿಗಳಿಗಿಂತ ಹಿಂದಿದೆ. ಟ್ರೇಲರಿನ ಕೊಂಡಿಯೂ ಅಂಥದೇ ಜಾಗದಲ್ಲಿರುತ್ತದೆ. ಅಲ್ಲಿ ಬಿದ್ದ ಭಾರ ಹಿಂದಿನ ಆಕ್ಸಲನ್ನು ಆಧಾರವಾಗಿಸಿಕೊಂಡು ಸನ್ನೆಯಂತೆ ಕೆಲಸ ಮಾಡುತ್ತದೆ. ಹಿಂದೆ ಒತ್ತಿದಷ್ಟೂ ಮುಂಭಾಗ ಎದ್ದುಕೊಳ್ಳುತ್ತದೆ. ಕಬ್ಬು ತುಂಬಿದ ಟ್ರೇಲರ್ ಎಳೆಯುವ ಟ್ರ್ಯಾಕ್ಟರು ಏರು ಹತ್ತುವಾಗ ಮುಂದಿನ ಗಾಲಿಗಳನ್ನು ನೆಲ ಬಿಟ್ಟು ಎತ್ತುವುದನ್ನು ಮಂಡ್ಯ, ಬೆಳಗಾವಿ ಕಡೆಯ ಮಕ್ಕಳು ನೋಡಿಯೇ ಇರುತ್ತಾರೆ. ಅಲ್ಲಿ ಎಳೆತದ ಬಲವೂ ಸೇರಿಕೊಂಡಿರುತ್ತದೆ, ಆದರೆ ಫಲ ಒಂದೇ. ನೆಲ ಬಿಟ್ಟ ಗಾಲಿ ದಿಕ್ಕು ತಿರುಗಿಸಲಾರದು.

ಪಿಕಪ್ಪಿನ ಲೆಕ್ಕ ಹೀಗೆ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಅದರ ಮೂತಿಯ ಮೂಲಕ ಕೊಂಡಿಯ ಮೇಲೆ ಬೀಳಬೇಕು ಎಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ನಿಯಮ. ಟ್ರೇಲರ್ 2000 ಕಿಲೋಗ್ರಾಂ ಇದ್ದರೆ ಕೊಂಡಿಯ ಮೇಲೆ ಕನಿಷ್ಠ 200 ಕಿಲೋಗ್ರಾಂ. ಪಿಕಪ್ಪಿನ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ 3 ಮೀಟರ್ ಅಂತರವಿದೆ, ಕೊಂಡಿ ಹಿಂದಿನ ಆಕ್ಸಲಿನಿಂದ 1.2 ಮೀಟರ್ ಹಿಂದಿದೆ ಎಂದುಕೊಳ್ಳಿ. ಮುಂದಿನ ಆಕ್ಸಲಿನಿಂದ ಅಳೆದರೆ ಕೊಂಡಿಗೆ 4.2 ಮೀಟರ್. 200ನ್ನು 4.2ರಿಂದ ಗುಣಿಸಿ 3ರಿಂದ ಭಾಗಿಸಿದರೆ 280. ಕೊಂಡಿಯ ಮೇಲೆ ಬಿದ್ದದ್ದು 200 ಕಿಲೋಗ್ರಾಂ ಆದರೂ ಹಿಂದಿನ ಆಕ್ಸಲಿನ ಮೇಲೆ ಹೆಚ್ಚಾದದ್ದು 280. ಉಳಿದ 80 ಎಲ್ಲಿಂದ ಬಂತು? ಮುಂದಿನ ಗಾಲಿಗಳಿಂದ. ದಿಕ್ಕು ತಿರುಗಿಸುವ, ಬ್ರೇಕಿನ ಹೆಚ್ಚಿನ ಶ್ರಮ ಹೊರುವ ಮುಂದಿನ ಗಾಲಿಗಳು ಅಷ್ಟು ಹಗುರಾದವು. ಹೆಡ್‌ಲೈಟಿನ ಬೆಳಕು ಮೇಲೆದ್ದು ಎದುರಿನ ಚಾಲಕನ ಕಣ್ಣಿಗೆ ಬಡಿಯಿತು.

ಹಾಗಾದರೆ ಮೂತಿಯ ಭಾರವನ್ನು ಕಡಿಮೆ ಮಾಡಿಬಿಡೋಣ ಎಂದು ಟ್ರೇಲರಿನ ಹಿಂಭಾಗಕ್ಕೆ ಸರಕು ಸರಿಸಿದರೆ ಬೇರೆ ಅಪಾಯ. ಮೂತಿ ಹಗುರಾದ ಟ್ರೇಲರ್ ವೇಗದಲ್ಲಿ ಹಾವಿನಂತೆ ಎಡಬಲಕ್ಕೆ ತೊನೆಯತೊಡಗುತ್ತದೆ. ಆ ತೊನೆತ ಬೆಳೆಯುತ್ತ ಹೋಗಿ ಎಳೆಯುವ ವಾಹನವನ್ನೇ ಉರುಳಿಸಬಲ್ಲದು. ಸರಕಿನ ಹೆಚ್ಚು ಪಾಲು ಟ್ರೇಲರಿನ ಮುಂದಿನ ಅರ್ಧದಲ್ಲಿರಲಿ ಎನ್ನುವುದು ಇದೇ ಕಾರಣಕ್ಕೆ.

ಸಮನಾಗಿ ನಿಂತರೆ ಸಾಕೇ?

ಈಗ ಮುಖ್ಯ ಮಾತು. ಟ್ರೇಲರ್ ಕೊಂಡಿ ಹಾಕಿ ಹಿಂಭಾಗ ಕುಸಿದ ಪಿಕಪ್ಪಿನ ಗಾಳಿಚೀಲಕ್ಕೆ ಗಾಳಿ ತುಂಬಿದರೆ ಕ್ಷಣಾರ್ಧದಲ್ಲಿ ವಾಹನ ಸಮನಾಗಿ ನಿಲ್ಲುತ್ತದೆ. ನೋಡಿದವರಿಗೆ ಸಮಸ್ಯೆ ಪರಿಹಾರವಾಯಿತೆಂದೇ ಅನಿಸುತ್ತದೆ. ಆದರೆ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದರೆ? ಹಿಂದಿನ ಆಕ್ಸಲಿನ ಮೇಲೆ ಅದೇ 280 ಕಿಲೋಗ್ರಾಂ ಹೆಚ್ಚು. ಮುಂದಿನದರ ಮೇಲೆ ಅದೇ 80 ಕಡಿಮೆ. ಸನ್ನೆಯ ಲೆಕ್ಕದಲ್ಲಿ ಸ್ಪ್ರಿಂಗಿನ ಬಿರುಸು ಎಲ್ಲೂ ಬರಲೇ ಇಲ್ಲ ಎಂಬುದನ್ನು ಗಮನಿಸಬೇಕು. ಗಾಳಿಚೀಲವಾಗಲಿ ಹೆಚ್ಚುವರಿ ಬ್ಲೇಡ್ ಆಗಲಿ ವಾಹನದ ಎತ್ತರವನ್ನು ಸರಿಪಡಿಸುತ್ತವೆ, ಭಾರದ ಹಂಚಿಕೆಯನ್ನಲ್ಲ.

ಭಾರವನ್ನೇ ಮರುಹಂಚಿಕೆ ಮಾಡಲು ಅಮೆರಿಕದಲ್ಲಿ ಬೇರೆ ಬಗೆಯ ಕೊಂಡಿಯೊಂದನ್ನು ಬಳಸುತ್ತಾರೆ. ಅದಕ್ಕೆ ಎರಡು ಉಕ್ಕಿನ ಸರಳುಗಳಿರುತ್ತವೆ. ಅವನ್ನು ಬಿಗಿದಾಗ ಅವು ಬಿಲ್ಲಿನಂತೆ ಬಾಗಿ ಕೊಂಡಿಯನ್ನು ತಿರುಚುತ್ತವೆ. ಪರಿಣಾಮವಾಗಿ ಹಿಂದಿನ ಆಕ್ಸಲಿನ ಭಾರದಲ್ಲಿ ಒಂದು ಪಾಲು ಪಿಕಪ್ಪಿನ ಮುಂದಿನ ಗಾಲಿಗಳಿಗೂ ಇನ್ನೊಂದು ಪಾಲು ಟ್ರೇಲರಿನ ಗಾಲಿಗಳಿಗೂ ಮರಳುತ್ತದೆ. ಮೊದಲು ಇದನ್ನು ಸರಿಹೊಂದಿಸಿ, ಉಳಿದ ಸಣ್ಣ ಕುಸಿತಕ್ಕೆ ಮಾತ್ರ ಗಾಳಿಚೀಲ ಬಳಸುವುದು ಸರಿಯಾದ ಕ್ರಮ.

ಹಿಂಭಾಗದ ಕುಸಿತ ಒಂದು ಬಗೆಯ ಜ್ವರವಿದ್ದಂತೆ. ಒಳಗೆ ಏನೋ ಹೆಚ್ಚಾಗಿದೆ ಎಂದು ಅದು ಹೇಳುತ್ತದೆ. ಜ್ವರ ಇಳಿಸುವ ಮಾತ್ರೆ ನುಂಗಿ ಕಾಯಿಲೆ ವಾಸಿಯಾಯಿತೆಂದು ಓಡಾಡುವ ರೋಗಿಯಂತೆ, ಬ್ಲೇಡ್ ಹಾಕಿಸಿಕೊಂಡ ವಾಹನ ಮಿತಿಮೀರಿದ ಭಾರವನ್ನು ಮುಚ್ಚಿಟ್ಟುಕೊಂಡು ಓಡುತ್ತದೆ. ಟಯರು, ಬೇರಿಂಗು, ಆಕ್ಸಲು, ಬ್ರೇಕು ಯಾವುದೂ ಬದಲಾಗಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಬೇಕಾದದ್ದು ಬ್ರೇಕೇ ಹೊರತು ಸ್ಪ್ರಿಂಗಲ್ಲ.

ಹಲವು ಪಿಕಪ್ಪುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಿಂದಿನ ಬ್ರೇಕುಗಳಿಗೆ ಎಷ್ಟು ಒತ್ತಡ ಕಳಿಸಬೇಕೆಂದು ತೀರ್ಮಾನಿಸುವ ಒಂದು ಕವಾಟ ಚಾಸಿಗೆ ಅಂಟಿಕೊಂಡಿರುತ್ತದೆ. ಅದರ ಕಡ್ಡಿ ಹಿಂದಿನ ಆಕ್ಸಲಿಗೆ ಸೇರಿರುತ್ತದೆ. ಹಿಂಭಾಗ ತಗ್ಗಿದ್ದರೆ ‘ಭಾರವಿದೆ’ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ಎತ್ತರವಿದ್ದರೆ ‘ಖಾಲಿ’ ಎಂದು ತಿಳಿದು ಕಡಿಮೆ ಕೊಡುತ್ತದೆ. ಬ್ಲೇಡ್ ಸೇರಿಸಿ ಹಿಂಭಾಗ ಎತ್ತಿಸಿದಾಗ ಈ ಕವಾಟ ಮೋಸಹೋಗುತ್ತದೆ. ತುಂಬಿದ ವಾಹನವನ್ನು ಖಾಲಿ ಎಂದೇ ಭಾವಿಸಿ, ಬ್ರೇಕು ಹೆಚ್ಚು ಬೇಕಾದ ಹೊತ್ತಿನಲ್ಲೇ ಕಡಿಮೆ ಕೊಡುತ್ತದೆ. ಸ್ಪ್ರಿಂಗು ಬದಲಿಸಿದವರು ಕವಾಟದ ಕಡ್ಡಿಯನ್ನು ಮತ್ತೆ ಹೊಂದಿಸದಿದ್ದರೆ ನಿಲ್ಲುವ ದೂರ ಹೆಚ್ಚುತ್ತದೆ.

ಚಾಸಿಯ ಮಾತೂ ಇದೆ. ಪಟ್ಟಿ ಸ್ಪ್ರಿಂಗು ಭಾರವನ್ನು ಚಾಸಿಯ ಎರಡು ಕಡೆ, ಆಕ್ಸಲಿನ ಮುಂದೊಂದು ಹಿಂದೊಂದು ಜಾಗದಲ್ಲಿ ಹಂಚುತ್ತದೆ. ಗಾಳಿಚೀಲ ಆಕ್ಸಲಿನ ನೇರಕ್ಕೆ ಒಂದೇ ಜಾಗದಲ್ಲಿ ಒತ್ತುತ್ತದೆ. ಹಿಂದೆ ಭಾರಿ ಟ್ರೇಲರ್ ಜಗ್ಗುತ್ತಿದ್ದು, ನಡುವೆ ಗಾಳಿಚೀಲ ಮೇಲಕ್ಕೆ ನೂಕುತ್ತಿದ್ದರೆ ಮೊಣಕಾಲಿಗೆ ಒತ್ತಿ ಕಬ್ಬು ಮುರಿದ ಹಾಗೆ. ಆಸ್ಟ್ರೇಲಿಯಾದಲ್ಲಿ ಒರಟು ಹಾದಿಗಳ ಮೇಲೆ ಹೀಗೆ ಟ್ರೇಲರ್ ಎಳೆದ ಪಿಕಪ್ಪುಗಳ ಚಾಸಿಯೇ ಬಾಗಿದ ಪ್ರಸಂಗಗಳು ಸಾಕಷ್ಟು ವರದಿಯಾಗಿವೆ. ಗಾಳಿಚೀಲ ತಯಾರಿಸುವ ಕಂಪನಿಗಳೇ ತಮ್ಮ ಸರಕಿನಿಂದ ವಾಹನದ ತೂಕದ ಮಿತಿ ಏರುವುದಿಲ್ಲ ಎಂದು ಎಚ್ಚರಿಸುತ್ತವೆ. ಅಮೆರಿಕದಲ್ಲಿ ಆ ಮಿತಿಯನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಅಚ್ಚು ಹಾಕಿರುತ್ತಾರೆ. ನಮ್ಮಲ್ಲಿ ಅದು ಆರ್.ಸಿ.ಯಲ್ಲಿ ನಮೂದಾಗಿರುತ್ತದೆ.

ಮನೆಯವರು ಕೇಳಬೇಕಾದ ಪ್ರಶ್ನೆ

ಪಿಕಪ್ ಕೊಂಡು ಬಾಡಿಗೆಗೆ ಬಿಟ್ಟ ಕುಟುಂಬಗಳು ಕರ್ನಾಟಕದ ಪ್ರತಿ ಹೋಬಳಿಯಲ್ಲೂ ಇವೆ. ಸಾಲದ ಕಂತು ಕಟ್ಟಬೇಕು; ಒಂದು ಟ್ರಿಪ್ಪಿನಲ್ಲಿ ಎರಡು ಟ್ರಿಪ್ಪಿನ ಸರಕು ಹೇರಿದರೆ ಡೀಸೆಲ್ ಉಳಿಯುತ್ತದೆ. ಈ ಲೆಕ್ಕ ಅರ್ಥವಾಗದ್ದೇನಲ್ಲ. ಓದು ಮುಗಿಸಿದ ಮಗನೇ ಎಷ್ಟೋ ಕಡೆ ಚಾಲಕ. ಹಾಗಾಗಿ ‘ಬ್ಲೇಡ್ ಹಾಕಿಸೋಣ’ ಎಂಬ ಮಾತು ಬಂದಾಗ ಮನೆಯವರು ಒಂದು ಪ್ರಶ್ನೆ ಕೇಳಬೇಕು: ಮಿತಿಯೊಳಗಿನ ಭಾರವನ್ನು ಚೆನ್ನಾಗಿ ಹೊರಲೆಂದೋ, ಮಿತಿ ಮೀರಿ ಹೊರಲೆಂದೋ?

ಮೊದಲನೆಯದಾದರೆ ಅದು ಸುಧಾರಣೆ. ಆಗಲೂ ಸವೆದ ಬುಶ್ಶು, ತುಕ್ಕು ಹಿಡಿದ ಪಟ್ಟಿ, ಎಣ್ಣೆ ಸೋರಿದ ಶಾಕ್ ಅಬ್ಸಾರ್ಬರ್, ಟಯರಿನ ಗಾಳಿ ಇವನ್ನು ಮೊದಲು ನೋಡಬೇಕು. ಬಹಳ ಸಲ ಇಷ್ಟರಲ್ಲೇ ವಾಹನ ಸರಿಹೋಗುತ್ತದೆ. ಎರಡನೆಯದಾದರೆ ಕಾನೂನೂ ಅಡ್ಡ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ನೋಂದಣಿ ವಿವರಗಳಿಗೆ ಹೊಂದದ ಮಾರ್ಪಾಟನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ 194ನೇ ಕಲಮಿನಂತೆ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ದಂಡವನ್ನಾದರೂ ಕಟ್ಟಬಹುದು, ಘಾಟಿಯ ತಿರುವಿನಲ್ಲಿ ಬ್ರೇಕು ಹಿಡಿಯದಿದ್ದರೆ ಕಟ್ಟುವುದಕ್ಕೆ ಏನೂ ಉಳಿಯುವುದಿಲ್ಲ.

ಸತ್ಯ ತಿಳಿಯಲು ಎರಡು ಉಪಕರಣ ಸಾಕು. ಒಂದು ಟೇಪು, ಇನ್ನೊಂದು ವೇಬ್ರಿಡ್ಜ್. ಖಾಲಿ ಇದ್ದಾಗ ನಾಲ್ಕೂ ಗಾಲಿಗಳ ಮೇಲಿನ ಮಡ್‌ಗಾರ್ಡಿನ ಎತ್ತರವನ್ನು ಅಳೆದು ಬರೆದಿಡಬೇಕು. ತುಂಬಿದ ಮೇಲೆ ಮತ್ತೆ ಅಳೆಯಬೇಕು. ಹಿಂಭಾಗ ತಗ್ಗುವುದು ಸಹಜ. ಮುಂಭಾಗ ಮೇಲೆದ್ದಿದ್ದರೆ ಸರಕು ತೀರ ಹಿಂದಕ್ಕೆ ಬಿದ್ದಿದೆ ಎಂದರ್ಥ. ವೇಬ್ರಿಡ್ಜಿನಲ್ಲಿ ಇಡೀ ವಾಹನವನ್ನು ಒಮ್ಮೆ, ಮುಂದಿನ ಗಾಲಿಗಳನ್ನು ಮಾತ್ರ ಹತ್ತಿಸಿ ಒಮ್ಮೆ ತೂಗಿದರೆ ಹಿಂದಿನ ಆಕ್ಸಲಿನ ಭಾರ ಕಳೆಯುವ ಲೆಕ್ಕದಲ್ಲಿ ಸಿಗುತ್ತದೆ. ಅದನ್ನು ಆರ್.ಸಿ.ಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಮೆತ್ತನೆಯ ಸುರುಳಿ ಸ್ಪ್ರಿಂಗೊಂದನ್ನು ಮೊಳೆಗೆ ನೇತುಹಾಕಿ, ಅದು 9 ಸೆಂಟಿಮೀಟರ್ ಹಿಗ್ಗುವಷ್ಟು ತೂಕ ಕಟ್ಟಿ, ಮೆಲ್ಲಗೆ ಎಳೆದು ಬಿಟ್ಟು 10 ಸೆಕೆಂಡಿನ ಆಂದೋಲನಗಳನ್ನು ಎಣಿಸಲಿ. ಸುಮಾರು 16 ಅಥವಾ 17 ಬರಬೇಕು. ತೂಕ ಕಡಿಮೆ ಮಾಡಿ 4 ಸೆಂಟಿಮೀಟರಿಗೆ ಇಳಿಸಿದರೆ 25ರ ಆಸುಪಾಸು. ಸ್ಪ್ರಿಂಗಿನದೇ ತೂಕವಿರುವುದರಿಂದ ಒಂದೆರಡು ಹೆಚ್ಚುಕಡಿಮೆಯಾದೀತು. ಮಾರುಕಟ್ಟೆಯಿಂದ ಖಾಲಿ ಬರುವ ಪಿಕಪ್ಪು ಕುಣಿಯುವ ಬಗೆಯನ್ನೇ ಆ ಮೊಳೆಗೆ ತೂಗಿದ ಸ್ಪ್ರಿಂಗೂ ತೋರಿಸುತ್ತದೆ. ಮನೆಯಲ್ಲಿ ಪಿಕಪ್ ಇದ್ದರೆ, ಮುಂದಿನ ಸಲ ಸರಕು ತುಂಬಿದಾಗ ಟೇಪು ಹಿಡಿಯುವ ಕೆಲಸವನ್ನೂ ಮಕ್ಕಳಿಗೇ ಬಿಡಬಹುದು.